ಅಣ್ಣನ ಸಹಿ, ಅತ್ತಿಗೆಯ ಅಧಿಕಾರ

ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಜಿಪಿಎ ಅಂದ ಕೂಡಲೇ ನೆನಪಾಗೋದು ಮಾರ್ಕ್ಸ್ ಕಾರ್ಡ್. ಊರ ಕಡೆ ಅದೇ ಜಿಪಿಎ ಅಂದ್ರೆ ಸೈಟು, ಜಮೀನು, ಅಣ್ತಮ್ಮಂದಿರ ತಕರಾರು. ಜನರಲ್ ಪವರ್ ಆಫ್ ಅಟಾರ್ನಿ. ಹಳಬರ ಬಾಯಲ್ಲಿ ಮುಖ್ತ್ಯಾರ್‌ನಾಮೆ, ಸರ್ಕಾರಿ ಕನ್ನಡದಲ್ಲಿ ಅಧಿಕಾರ ಪತ್ರ. ‘ನನ್ನ ಬದಲು, ನನ್ನ ಹೆಸರಲ್ಲಿ, ಇವರು ಈ ಕೆಲಸ ಮಾಡಬಹುದು’ ಅಂತ ಒಬ್ಬರು ಇನ್ನೊಬ್ಬರಿಗೆ ಬರೆದುಕೊಡೋ ಕಾಗದ. ಇದಕ್ಕೆ ಇರೋ ಕಾಯ್ದೆ 1882ರದ್ದು. ಅಸಲಿ ನಿಯಮಗಳು ಅದಕ್ಕಿಂತ ಹತ್ತು ವರ್ಷ ಹಳೆಯದಾದ 1872ರ ಕರಾರು ಕಾಯ್ದೆಯಲ್ಲಿವೆ.

ಇದೆಲ್ಲಾ ಅಪ್ಪ-ಅಮ್ಮನ ಕಾಲದ ವಿಷಯ, ನಮಗೇನು ಸಂಬಂಧ ಅಂತ ಸ್ಕ್ರೋಲ್ ಮಾಡಬೇಡಿ. 2022ಕ್ಕಿಂತ ಮುಂಚೆ ಡಿಮ್ಯಾಟ್ ಖಾತೆ ತೆರೆದಿದ್ರೆ, ಬಹುಶಃ ನೀವೂ ಬ್ರೋಕರ್‌ಗೆ ಒಂದು ಪಿಒಎ ಬರೆದುಕೊಟ್ಟಿರ್ತೀರಿ. ಕೊರಿಯರ್‌ನಲ್ಲಿ ಬಂದ ಫಾರಂಗೆ ನಾಲ್ಕು ಕಡೆ ಸಹಿ ಹಾಕಿ ಕಳಿಸಿದ್ರಲ್ಲ, ಅದೇ. 2019ರ ನವೆಂಬರ್‌ನಲ್ಲಿ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ಸೆಬಿ ನಿರ್ಬಂಧ ಹೇರಿದಾಗ ವಿವಾದದ ಮಧ್ಯೆ ಇದ್ದದ್ದು ಗ್ರಾಹಕರು ಕೊಟ್ಟಿದ್ದ ಅಂಥ ಪತ್ರಗಳೇ. ಆಮೇಲೆ ಸೆಬಿ ಅದರ ಜಾಗಕ್ಕೆ ಡಿಡಿಪಿಐ ಅನ್ನೋ, ಇಂತಿಷ್ಟೇ ಕೆಲಸಕ್ಕೆ ಅಂತ ಸೀಮಿತವಾದ ಪತ್ರ ತಂದಿತು. ಎಲ್ಲದಕ್ಕೂ ಅಧಿಕಾರ ಕೊಡೋದು ಬೇರೆ, ಒಂದು ಕೆಲಸಕ್ಕೆ ಕೊಡೋದು ಬೇರೆ. ಇವತ್ತಿನ ಅಂಕಣ ಪೂರ್ತಿ ಈ ಒಂದು ವ್ಯತ್ಯಾಸದ ಬಗ್ಗೆ.

ನಮ್ಮ ದೊಡ್ಡಪ್ಪನ ಮಗ ಬಾತಿಯಲ್ಲಿ ಎಸಿ ಕಂಟ್ರಾಕ್ಟರ್. ದಾವಣಗೆರೆಯಿಂದ ಹರಿಹರಕ್ಕೆ ಹೋಗೋ ಹಳೇ ಪಿ.ಬಿ. ರಸ್ತೆಯ ಪಕ್ಕ ಒಂದು ಶೆಡ್, ಒಂದು ಟಾಟಾ ಏಸ್, ಏಳು ಹುಡುಗರು. ಐಟಿಐನಲ್ಲಿ ರೆಫ್ರಿಜರೇಶನ್ ಮಾಡಿಕೊಂಡು, ಬೇರೆಯವರ ಕೈಕೆಳಗೆ ಗ್ಯಾಸ್ ತುಂಬುತ್ತಾ ಶುರು ಮಾಡಿದವನು ಈಗ ನರ್ಸಿಂಗ್ ಹೋಂಗಳ ಆಪರೇಷನ್ ಥಿಯೇಟರ್‌ಗೆ ಡಕ್ಟ್ ಹಾಕ್ತಾನೆ. ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನು ಬರ ಇಲ್ಲ, ಹಂಗಾಗಿ ಕೆಲಸಕ್ಕೂ ಇಲ್ಲ. ಬೋರ್ಡ್ ಮೇಲೆ ‘ಹೀಟಿಂಗ್ ಅಂಡ್ ಕೂಲಿಂಗ್’ ಅಂತಿದೆ. ನಮ್ಮ ಕಡೆ ಹೀಟಿಂಗ್ ಬಿಸಿಲೇ ನೋಡಿಕೊಳ್ಳುತ್ತೆ, ಅಣ್ಣ ಮಾಡೋದು ಸೋಲಾರ್ ವಾಟರ್ ಹೀಟರ್ ರಿಪೇರಿ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದ ಮೇಲಂತೂ ಮನೆಗಳ ಆರ್ಡರ್ ಬೇರೆ ಜಾಸ್ತಿ.

ಸೀಸನ್ ಶುರುವಾಗೋ ಹೊತ್ತಿಗೆ ಡಾಕ್ಟರ್ ಬೈಪಾಸ್ ಆಗಲೇಬೇಕು ಅಂದ್ರು. ಅಣ್ಣನಿಗೆ 46 ವರ್ಷ. ಹರಿಹರದ ಒಂದು ಕಡೆ ಕೆಲಸ ಅರ್ಧ ಆಗಿದೆ, ಹನ್ನೊಂದು ಲಕ್ಷದ ಬಿಲ್ ಬರಬೇಕು, ಶನಿವಾರ ಬಂದ್ರೆ ಏಳು ಹುಡುಗರಿಗೆ ಬಟವಾಡೆ. ಆತ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟು: “ತಮ್ಮಾ, ಸೂಪರ್‌ವೈಸರ್ ಹುಡುಗನ ಹೆಸರಿಗೆ ಒಂದು ಜಿಪಿಎ ಮಾಡಿಸಿಬಿಡ್ತೀನಿ. ನಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಅವ್ನೇ ನಡೆಸ್ಕೊಂಡು ಹೋಗ್ತಾನ. ನೀನು ನೆಟ್‌ನ್ಯಾಗ ಒಂದು ಫಾರ್ಮ್ಯಾಟ್ ತೆಗದು ಕಳಿಸು.”

ನೆಟ್‌ನಲ್ಲಿ ಫಾರ್ಮ್ಯಾಟ್‌ಗೆ ಬರವಿಲ್ಲ. ಆದರೆ ‘ಕಂಟ್ರಾಕ್ಟರ್ ಪವರ್ ಆಫ್ ಅಟಾರ್ನಿ’ ಅಂತ ಹುಡುಕಿದರೆ ಮೇಲೆ ಬರೋದರಲ್ಲಿ ಬಹಳಷ್ಟು ಅಮೆರಿಕದ್ದು. ಅಲ್ಲಿ ‘ಡ್ಯೂರಬಲ್’ ಅಂತ ಒಂದು ಬಗೆ ಇದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ಅದು ನಡೆಯುತ್ತೆ. ಇಂಗ್ಲೆಂಡ್‌ನಲ್ಲಿ 2005ರ ಕಾಯ್ದೆಯಿಂದ ‘ಲಾಸ್ಟಿಂಗ್’ ಅಂತ ಅಂಥದ್ದೇ ಇನ್ನೊಂದು. ನಮ್ಮಲ್ಲಿ ಇದು ತಲೆಕೆಳಗು. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರು ತೀರಿಕೊಂಡರೆ, ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ, ಕೊಟ್ಟ ಅಧಿಕಾರವೂ ಅಲ್ಲಿಗೇ ಮುಗೀತು. ಅಂದ್ರೆ ಅಣ್ಣ ಯಾವ ದಿನಕ್ಕೆ ಅಂತ ಆ ಕಾಗದ ಮಾಡಿಸೋಕೆ ಹೊರಟಿದ್ದನೋ, ಸರಿಯಾಗಿ ಆ ದಿನವೇ ಅದು ಬರೀ ಕಾಗದ ಆಗುತ್ತೆ.

ಈ ಮಾತನ್ನ ಬೈಪಾಸ್‌ಗೆ ಹೊರಟವನ ಹತ್ತಿರ ಫೋನಲ್ಲಿ ಹೇಗೆ ಹೇಳೋದು? ಶನಿವಾರ ಬೆಳಿಗ್ಗೆ ರೈಲು ಹತ್ತಿ ಊರಿಗೆ ಹೋದೆ. ಶೆಡ್‌ನಲ್ಲಿ ಕೂತು, ಮಂಡಕ್ಕಿ-ಮೆಣಸಿನಕಾಯಿ ಮಧ್ಯೆ ಇಟ್ಟುಕೊಂಡು, ನಾನು, ಅಣ್ಣ, ಅತ್ತಿಗೆ, ಪರಿಚಯದ ವಕೀಲರು, ನಾಲ್ಕು ಜನ ಮಾತಾಡಿದ್ವಿ. ಅಣ್ಣನಿಗೆ ಮೆಣಸಿನಕಾಯಿ ಬಂದ್. ಬರೀ ಮಂಡಕ್ಕಿ ತಿಂತಾ ನಮ್ಮನ್ನೆಲ್ಲಾ ಗುರಾಯಿಸ್ತಿದ್ದ.

ಮೊದಲು ಮಾಡಿದ್ದು, ಎಲ್ಲಿ ಎಲ್ಲಿ ಅಣ್ಣನ ಸಹಿ ಬೇಕು ಅಂತ ಪಟ್ಟಿ. ಚೆಕ್ಕು. ಆಸ್ಪತ್ರೆಗೆ ಕೊಡೋ ಬಿಲ್ಲು. ಅಳತೆ ಪುಸ್ತಕ. ಬೆಸ್ಕಾಂಗೆ ಕೊಡೋ ಪತ್ರಗಳು. ಜಿಎಸ್‌ಟಿ ರಿಟರ್ನ್. ಐವತ್ತು ಸಾವಿರ ದಾಟಿದ ಮಾಲು ಸಾಗಿಸೋಕೆ ಇ-ವೇ ಬಿಲ್. ಕಾಪರ್ ಪೈಪು, ಗ್ಯಾಸ್ ಸಿಲಿಂಡರ್ ಉದ್ರಿ ತರೋಕೆ ಡೀಲರ್ ಹತ್ತಿರ ಒಂದು ಸಹಿ. ಸರ್ಕಾರಿ ಕೆಲಸ ಹಿಡೀಬೇಕಂದ್ರೆ ಕೆಪಿಪಿಪಿ ಪೋರ್ಟಲ್‌ನಲ್ಲಿ ಡಿಜಿಟಲ್ ಸಹಿ. ಬರೀತಾ ಹೋದ ಹಾಗೆ ಅತ್ತಿಗೆ ಮುಖ ಚಿಕ್ಕದಾಯ್ತು. ಕೊನೆಗೆ ಹೇಳಿದ್ರು: “ಇಷ್ಟೆಲ್ಲಾ ಒಬ್ರ ಕೈಯಾಗ ಐತಿ ಅಂತ ನಂಗ ಗೊತ್ತೇ ಇರ್ಲಿಲ್ಲ.”

ನನಗೆ ಆ ಪಟ್ಟಿ ನೋಡಿ ಆಫೀಸ್ ನೆನಪಾಯ್ತು. ಪ್ರೊಡಕ್ಷನ್ ಸರ್ವರ್‌ನ ರೂಟ್ ಪಾಸ್‌ವರ್ಡ್ ಒಬ್ಬನ ಹತ್ತಿರ ಮಾತ್ರ ಇದ್ದರೆ ನಾವು ಆಡಿಟ್‌ನಲ್ಲಿ ಫೇಲ್. ಹಾಗಂತ ಅದನ್ನ ಹೊಸ ಹುಡುಗನಿಗೆ ಪೂರ್ತಿ ಕೊಟ್ಟರೂ ಫೇಲ್. ಯಾರಿಗೆ ಏನು ಬೇಕೋ ಅಷ್ಟೇ ಆಕ್ಸೆಸ್, ಅದಕ್ಕೊಂದು ಎಕ್ಸ್‌ಪೈರಿ, ಯಾರು ಏನು ಮಾಡಿದ್ರು ಅಂತ ಲಾಗ್. ಅಣ್ಣನ ಭಾಷೆಯಲ್ಲಿ ಹೇಳಬೇಕಂದ್ರೆ, ಹತ್ತು ಬೈ ಹನ್ನೆರಡರ ಬೆಡ್‌ರೂಮಿಗೆ ಐದು ಟನ್ ಮಷೀನ್ ಯಾರೂ ಕೂರಿಸಲ್ಲ, ರೂಮ್ ಅಳೆದು ಆಮೇಲೆ ಟನ್ ಲೆಕ್ಕ. ಈ ಮಾತು ಅವನಿಗೆ ಥಟ್ ಅಂತ ಹೊಕ್ಕಿತು. “ಹಂಗಾರ ಅಳೀರಪ್ಪಾ” ಅಂದ.

ಅಳೆದ ಮೇಲೆ ಜಿಪಿಎ ಕೈಬಿಟ್ಟು ಎರಡು ವಿಶೇಷ ಅಧಿಕಾರ ಪತ್ರ ಆದ್ವು. ಸೂಪರ್‌ವೈಸರ್‌ಗೆ ಸೈಟಿನ ಕೆಲಸ: ಅಳತೆಗೆ ಸಹಿ, ಮಾಲು ಪಡೆಯೋದು, ಕೆಲಸ ಮುಗಿದ ರಿಪೋರ್ಟ್ ಕೊಡೋದು, ಹೆಸರಿಸಿದ ಇಬ್ಬರು ಡೀಲರ್‌ಗಳ ಹತ್ತಿರ ಒಟ್ಟು ಐವತ್ತು ಸಾವಿರದವರೆಗೆ ಉದ್ರಿ. ದುಡ್ಡಿನ ಕೆಲಸ ಅತ್ತಿಗೆಗೆ: ಬಿಲ್ ಕೊಡೋದು, ಹಣ ವಸೂಲಿ, ಬ್ಯಾಂಕು, ಜಿಎಸ್‌ಟಿ, ಬಟವಾಡೆ. ಸಾಲ ತೆಗೆಯೋ ಅಧಿಕಾರ, ಶೆಡ್‌ನ ಜಾಗ ಮಾರೋ ಅಥವಾ ಅಡ ಇಡೋ ಅಧಿಕಾರ ಇಬ್ಬರಿಗೂ ಇಲ್ಲ ಅಂತ ಸ್ಪಷ್ಟವಾಗಿ ಬರೆಸಿದ್ವಿ. ಎರಡಕ್ಕೂ ಜುಲೈ 31ರ ಗಡುವು.

ಇಷ್ಟು ಸರಾಗವಾಗಿ ಏನೂ ಆಗಲಿಲ್ಲ ಬಿಡಿ. ಆ ಸೂಪರ್‌ವೈಸರ್ ಹನ್ನೊಂದು ವರ್ಷದಿಂದ ಜೊತೆಗಿರೋ ಹುಡುಗ, ಅಣ್ಣನಿಗೆ ಮಗನ ಸಮ. ‘ಐವತ್ತು ಸಾವಿರ’ ಅನ್ನೋ ಸಾಲು ಓದಿ ಅವನು ಪೆನ್ನು ಕೆಳಗಿಟ್ಟ. “ಅಣ್ಣಾರ, ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?” ಅಣ್ಣ ಆ ಸಾಲನ್ನ ಹೊಡೆದುಹಾಕೋಕೆ ತಯಾರಾಗಿಬಿಟ್ಟ. ತಡೆದಿದ್ದು ಅತ್ತಿಗೆ: “ನಿಂಗ ಮಿತಿ ಹಾಕಿದ್ದು ನಿನ್ನ ಕಾಯಾಕ ತಮ್ಮಾ. ನಾಳೆ ಲೆಕ್ಕ ತಪ್ಪಿದ್ರ ಮೊದ್ಲು ನಿನ್ನ ಹೆಸ್ರೇ ಬರ್ತೈತಿ.” ವಕೀಲರೂ ದನಿಗೂಡಿಸಿದ್ರು. ಅಧಿಕಾರ ಪಡೆದವರು ಕೇಳಿದಾಗ ಲೆಕ್ಕ ಒಪ್ಪಿಸಲೇಬೇಕು, ಅದು 213ನೇ ಸೆಕ್ಷನ್. ಸಾಮಾನ್ಯವಾಗಿ ಆ ಅಧಿಕಾರವನ್ನ ಇನ್ನೊಬ್ಬರಿಗೆ ದಾಟಿಸೋ ಹಾಗಿಲ್ಲ, ಅದು 190. ಮಿತಿ ಬರೆದಿದ್ದರೆ ಅವನಿಗೂ ನಿದ್ದೆ ಚೆನ್ನಾಗಿ ಬರುತ್ತೆ. ಹುಡುಗ ಸಹಿ ಹಾಕಿದ, ಆದರೆ ಆ ದಿನ ಟೀ ಕುಡಿಯದೇ ಹೋದ. ಅವನ ಬೇಜಾರು ನ್ಯಾಯವಾದದ್ದೇ ಅಂತ ನನಗೂ ಅನಿಸ್ತು. ಆದ್ರೂ ಸಾಲು ಇರಬೇಕಿತ್ತು.

ಈಗ ಕಾಗದದ ಮಾತು. ಮೊದಲು ಇ-ಸ್ಟಾಂಪ್. ಇಬ್ಬರು ಸಾಕ್ಷಿ, ನೋಟರಿ ಮುಂದೆ ಸಹಿ. ಸ್ಥಿರಾಸ್ತಿ ಮಾರೋ ಮಾತು ಇದ್ದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕಿತ್ತು, ಇಲ್ಲಿ ಅದು ಇರಲಿಲ್ಲ. ಮೊಬೈಲ್‌ನಲ್ಲೇ ಎಲ್ಲಾ ಮುಗಿಸೋ ನಮ್ಮ ಪೀಳಿಗೆಗೆ ಒಂದು ಎಚ್ಚರಿಕೆ: ಪಿಡಿಎಫ್ ಮಾಡಿ ಆಧಾರ್ ಇ-ಸೈನ್ ಒತ್ತಿದರೆ ಇದು ನಡೆಯಲ್ಲ. ಐಟಿ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರೋ ದಾಖಲೆಗಳಲ್ಲಿ ವಿಲ್ ಜೊತೆ ಅಧಿಕಾರ ಪತ್ರವೂ ಒಂದು. ಬ್ಯಾಂಕು, ಷೇರು ಬ್ರೋಕರ್‌ನಂಥ ನಿಯಂತ್ರಿತ ಸಂಸ್ಥೆಗಳಿಗೆ ಕೊಡೋದಕ್ಕೆ ಮಾತ್ರ 2022ರಲ್ಲಿ ವಿನಾಯಿತಿ ಬಂದಿದೆ. ಉಳಿದವರಿಗೆಲ್ಲಾ ಕಾಗದ, ಪೆನ್ನು, ಶಾಯಿ.

ಕಾಗದ ಮುಗಿದ ಮೇಲೆ ನಿಜವಾದ ಓಡಾಟ ಶುರು. ಬ್ಯಾಂಕಿನವರು ನೋಟರಿ ಪತ್ರ ತಿರುವಿ ನೋಡಿ, ‘ನಮ್ಮ ಫಾರಂ ತುಂಬಿ’ ಅಂದ್ರು. ಕರೆಂಟ್ ಅಕೌಂಟ್ ಬೇರೆಯವರು ನಡೆಸಬೇಕಂದ್ರೆ ಬಹುತೇಕ ಬ್ಯಾಂಕುಗಳು ತಮ್ಮದೇ ಮ್ಯಾಂಡೇಟ್ ಪತ್ರ ಕೇಳ್ತಾವೆ, ಖಾತೆದಾರರು ಖುದ್ದಾಗಿ ಬರಬೇಕು ಅಂತಾರೆ. ಆಸ್ಪತ್ರೆ ಸೇರಿದ ಮೇಲೆ ಹೊಳೆದಿದ್ದರೆ ಅಷ್ಟೇ ಕಥೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅತ್ತಿಗೆಯನ್ನ ಅಧಿಕೃತ ಸಹಿದಾರರು ಅಂತ ಸೇರಿಸೋದು ಸುಲಭ. ಒಂದು ತಿದ್ದುಪಡಿ ಅರ್ಜಿ, ಜೊತೆಗೆ ಅಧಿಕಾರ ಕೊಟ್ಟ ಪತ್ರ. ಅತ್ತಿಗೆ ಬಿಕಾಂ ಓದಿದವರು. ಹದಿನೆಂಟು ವರ್ಷ ಆದ ಮೇಲೆ ತಮ್ಮ ಹೆಸರಲ್ಲಿ ಒಂದು ಲಾಗಿನ್ ಬಂದಾಗ ಪಾಸ್‌ವರ್ಡ್ ಏನು ಇಡೋದು ಅಂತ ಹತ್ತು ನಿಮಿಷ ಯೋಚನೆ ಮಾಡಿದ್ರು.

ನನಗೆ ಹೆಚ್ಚು ತಲೆ ಕೆಟ್ಟಿದ್ದು ಡಿಜಿಟಲ್ ಸಹಿಯ ವಿಷಯಕ್ಕೆ. ಡಿಎಸ್‌ಸಿ ಅಂದ್ರೆ ಪೆನ್‌ಡ್ರೈವ್ ಥರದ ಒಂದು ಟೋಕನ್. ಎಷ್ಟೋ ಕಂಟ್ರಾಕ್ಟರ್‌ಗಳು ಅದನ್ನ ಟೆಂಡರ್ ಹಾಕೋ ಸೈಬರ್ ಸೆಂಟರ್‌ನಲ್ಲೇ ಬಿಟ್ಟಿರ್ತಾರೆ, ಪಿನ್ ಅದರ ಮೇಲೇ ಸ್ಟಿಕ್ಕರ್‌ನಲ್ಲಿ ಬರೆದು. ಜಿಪಿಎ ಬರೆಯೋಕೆ ಮೂರು ಸಲ ಯೋಚಿಸೋ ಮನುಷ್ಯ ಟೋಕನ್ ಕೊಡೋಕೆ ಯೋಚಿಸಲ್ಲ. ಅದು ಮಿತಿಯೇ ಇಲ್ಲದ ಜಿಪಿಎ ಇದ್ದಹಾಗೆ. ಐಟಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಆ ಕೀಲಿಯನ್ನ ಜೋಪಾನವಾಗಿ ತಮ್ಮ ಹಿಡಿತದಲ್ಲೇ ಇಟ್ಟುಕೊಳ್ಳೋದು ಸಹಿ ಯಾರದೋ ಅವರದೇ ಜವಾಬ್ದಾರಿ. ಯುಪಿಐ ಪಿನ್, ಓಟಿಪಿ ಬರೋ ಫೋನು ಕೂಡ ಹಿಂಗೇ. ‘ಅಣ್ಣನ ಫೋನ್ ಹುಡುಗನ ಹತ್ರ ಇರ್ಲಿ, ಓಟಿಪಿ ನೋಡ್ಕೊಳ್ತಾನೆ’ ಅಂತ ಮನೆಯಲ್ಲಿ ಒಂದು ಸಲಹೆ ಬಂತು. ಬೇಡ ಅಂದೆ. ಕಾಗದದಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಮಿತಿ ಬರೆದರೂ, ಫೋನ್ ಕೈಗೆ ಕೊಟ್ಟ ಮೇಲೆ ಮಿತಿ ಎಲ್ಲಿಂದ ಬರಬೇಕು? ಟೋಕನ್ ಬೀರುವಿಗೆ ಹೋಯ್ತು. ಫೋನು ಅತ್ತಿಗೆ ಹತ್ತಿರ ಬಂತು.

ಆಪರೇಷನ್ ಆದ ಮೇಲೆ ಐದು ದಿನ ಅಣ್ಣನ ಹತ್ತಿರ ಯಾರೂ ಕೆಲಸದ ಮಾತು ಎತ್ತೋ ಹಾಗಿರಲಿಲ್ಲ. ಮೂರನೇ ದಿನ ಹರಿಹರದ ಸೈಟಿನಲ್ಲಿ ಕಂಪ್ರೆಸರ್ ಹೋಯ್ತು. ಥಿಯೇಟರ್‌ದು, ತಡ ಮಾಡೋ ಹಾಗಿಲ್ಲ. ಹೊಸದಕ್ಕೆ 68 ಸಾವಿರ. ಡೀಲರ್ ತನ್ನ ಹತ್ತಿರ ಇದ್ದ ಪತ್ರದ ಪ್ರತಿ ತೆಗೆದು ನೋಡಿ ಸೂಪರ್‌ವೈಸರ್‌ಗೆ ಹೇಳಿದ: “ನಿಂದು ಐವತ್ತಕ್ಕೇ ಐತಲ್ಲಪಾ.” ಹುಡುಗ ಅತ್ತಿಗೆಗೆ ಫೋನ್ ಮಾಡಿದ. ಅತ್ತಿಗೆ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಹದಿನೆಂಟು ಸಾವಿರ ನೆಫ್ಟ್ ಮಾಡಿದ್ರು, ಉಳಿದದ್ದು ಉದ್ರಿ. ಸಂಜೆ ಹೊತ್ತಿಗೆ ಥಿಯೇಟರ್ ತಣ್ಣಗಾಯ್ತು. ಬಿಲ್ಲಿನ ಫೋಟೋ, ಹಳೇ ಕಂಪ್ರೆಸರ್ ಫೋಟೋ, ಎರಡನ್ನೂ ಹುಡುಗ ಕೇಳದೇ ವಾಟ್ಸ್ಯಾಪ್‌ಗೆ ಹಾಕಿದ್ದ.

ಡೀಲರ್ ಹತ್ತಿರ ಪ್ರತಿ ಇದ್ದದ್ದು ಆಕಸ್ಮಿಕ ಅಲ್ಲ. ಮಿತಿ ಹಾಕಿದ್ದು ಎದುರಿನವರಿಗೆ ಗೊತ್ತಿಲ್ಲದಿದ್ದರೆ, ಈ ಹುಡುಗ ಯಜಮಾನರ ಪರವಾಗಿಯೇ ಬಂದಿದ್ದಾನೆ ಅಂತ ಅವರು ನಂಬೋ ಹಾಗೆ ನೀವೇ ನಡೆದುಕೊಂಡಿದ್ದರೆ, ಆ ಬಾಕಿ ನಿಮ್ಮ ತಲೆ ಮೇಲೇ ಬರುತ್ತೆ. ರದ್ದು ಮಾಡಿದಾಗಲೂ ಇದೇ. 208ನೇ ಸೆಕ್ಷನ್ ಪ್ರಕಾರ ಅಧಿಕಾರ ವಾಪಸ್ ತಗೊಂಡಿದ್ದು ಹೊರಗಿನವರ ಮಟ್ಟಿಗೆ ಜಾರಿಗೆ ಬರೋದು ಅವರಿಗೆ ಗೊತ್ತಾದ ಮೇಲೇ. ಕಾಯ್ದೆಯಲ್ಲೇ ಕೊಟ್ಟಿರೋ ಒಂದು ಉದಾಹರಣೆ ಹತ್ತಿ ವ್ಯಾಪಾರದ್ದು. ಮದ್ರಾಸಿನ ಯಜಮಾನ ಬಾಂಬೆ ಗೋದಾಮಿನಲ್ಲಿರೋ ಹತ್ತಿ ಮಾರು ಅಂತ ಒಬ್ಬನಿಗೆ ಪತ್ರ ಬರೀತಾನೆ. ಆಮೇಲೆ ಮಾರಬೇಡ, ಇಲ್ಲಿಗೆ ಕಳಿಸು ಅಂತ ಇನ್ನೊಂದು ಪತ್ರ. ಎರಡನೇ ಪತ್ರ ಓದಿಕೊಂಡೂ ಆ ಮನುಷ್ಯ ಹತ್ತಿ ಮಾರಿ, ದುಡ್ಡು ಎತ್ತಿಕೊಂಡು ಓಡಿಹೋಗ್ತಾನೆ. ಕೊಂಡವನಿಗೆ ಗೊತ್ತಿದ್ದದ್ದು ಮೊದಲ ಪತ್ರ ಮಾತ್ರ. ಅವನು ಕೊಟ್ಟ ದುಡ್ಡು ಯಜಮಾನನಿಗೆ ಸಂದಾಯ ಆದ ಹಾಗೇ ಲೆಕ್ಕ. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ನಮ್ಮೂರಿನ ಹಳೇ ಹತ್ತಿ ವ್ಯಾಪಾರಸ್ಥರಿಗೆ ಇದನ್ನ ಯಾರೂ ವಿವರಿಸಬೇಕಿಲ್ಲ.

ಇನ್ನೊಂದು ಕಡೆ ಹುಷಾರಾಗಿರಿ. ‘ರದ್ದು ಮಾಡಲಾಗದ ಪವರ್ ಆಫ್ ಅಟಾರ್ನಿ’ ಅಂತ ಬರೆದ ಕಾಗದಕ್ಕೆ ಓದದೇ ಸಹಿ ಹಾಕಬೇಡಿ. ಬಿಲ್ ಮೇಲೆ ಸಾಲ ಕೊಡೋರು, ಬಿಲ್ ಹಣ ನೇರ ನಮಗೇ ಬರಲಿ ಅಂತ ಇಂಥದ್ದು ಕೇಳ್ತಾರೆ. ಅಧಿಕಾರ ಪಡೆದವರಿಗೆ ಆ ಸ್ವತ್ತಿನಲ್ಲಿ ತಮ್ಮದೇ ಹಿತಾಸಕ್ತಿ ಇದ್ದರೆ, 202ನೇ ಸೆಕ್ಷನ್ ಪ್ರಕಾರ ನೀವಾಗೇ ಅದನ್ನ ಕಿತ್ತುಕೊಳ್ಳೋಕೆ ಬರಲ್ಲ. ಜಿಪಿಎ ಮೇಲೆ ಸೈಟ್ ಕೊಳ್ಳೋ ವಿಷಯ ಮತ್ತೆ ಹೇಳಬೇಕಿಲ್ಲ. ಅದರಿಂದ ಮಾಲೀಕತ್ವ ಬರಲ್ಲ ಅಂತ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಹಂಗಾದ್ರೆ ಅಣ್ಣನ ಅಸಲಿ ಭಯಕ್ಕೆ, ‘ನಂಗೇನಾದ್ರೂ ಆದ್ರೆ’ ಅನ್ನೋದಕ್ಕೆ, ಉತ್ತರ ಏನು? ತೀರಿಕೊಂಡರೆ ಅನ್ನೋ ಪ್ರಶ್ನೆಗೆ ವಿಲ್ ಇದೆ. ಅದಕ್ಕೆ ಸ್ಟಾಂಪ್ ಬೇಡ, ನೋಂದಣಿ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಪ್ರೊಪ್ರೈಟರ್ ಹೆಸರಿನ ಕರೆಂಟ್ ಅಕೌಂಟ್‌ಗೂ ನಾಮಿನಿ ಹಾಕಬಹುದು, ಅಣ್ಣನದು ಹನ್ನೆರಡು ವರ್ಷದಿಂದ ಖಾಲಿ ಇತ್ತು. ಇವೆರಡನ್ನೂ ಆಪರೇಷನ್‌ಗೆ ನಾಲ್ಕು ದಿನ ಮುಂಚೆ ಮಾಡಿಸಿದ್ವಿ. ವಿಲ್ ಬರೆಯೋವಾಗ ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಬದುಕಿದ್ದೂ ಸಹಿ ಹಾಕೋ ಸ್ಥಿತಿಯಲ್ಲಿ ಇಲ್ಲದಿದ್ದರೆ ಅನ್ನೋದು ಕಷ್ಟದ ಪ್ರಶ್ನೆ. ಕೋಮಾದಲ್ಲಿರೋ ಗಂಡನ ಖಾತೆಯಿಂದ ಹಣ ತೆಗೆಯೋಕೆ ಹೆಂಡತಿಗೆ ತಾನಾಗೇ ಹಕ್ಕು ಬರಲ್ಲ. ಅದಕ್ಕೆ ಸರಿಯಾದ ಕಾಯ್ದೆಯೇ ಇಲ್ಲದೆ ಕುಟುಂಬಗಳು ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕ್ತಾವೆ. ಗಾರ್ಡಿಯನ್ ನೇಮಕಕ್ಕೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ಬರೆಯಬೇಕಾಯ್ತು. ವ್ಯವಹಾರದ ಮಟ್ಟಿಗೆ ಇದಕ್ಕೊಂದು ದಾರಿ ಇದೆ, ಏಕವ್ಯಕ್ತಿ ಕಂಪನಿ. 2013ರ ಕಂಪನಿ ಕಾಯ್ದೆಯಲ್ಲಿ ಇದನ್ನ ಮಾಡೋವಾಗಲೇ ಇನ್ನೊಬ್ಬರ ಹೆಸರನ್ನ, ಅವರ ಲಿಖಿತ ಒಪ್ಪಿಗೆ ಸಮೇತ, ಬರೆಯಬೇಕು. ಮಾಲೀಕ ಸತ್ತರೂ ಸರಿ, ಕರಾರು ಮಾಡೋ ಸ್ಥಿತಿ ಕಳೆದುಕೊಂಡರೂ ಸರಿ, ಕಂಪನಿಯ ಸದಸ್ಯತ್ವ ಅವರಿಗೆ ಹೋಗುತ್ತೆ. ಪವರ್ ಆಫ್ ಅಟಾರ್ನಿಗೆ ಆಗದ ಕೆಲಸ ಇದು. ಆದರೆ ಪುಕ್ಕಟೆ ಅಲ್ಲ. ಹೊಸ ಪ್ಯಾನ್, ಹೊಸ ಜಿಎಸ್‌ಟಿ, ಪ್ರತಿ ವರ್ಷ ಆಡಿಟ್. ವರ್ಷಕ್ಕೆ ಇಪ್ಪತ್ತು ಎಸಿ ಕೂರಿಸೋರಿಗೆ ಇದು ಭಾರ. ಹತ್ತು ಜನರ ಸಂಬಳ ಕೊಡೋರು ಯೋಚಿಸಲೇಬೇಕು ಅಂತ ನನ್ನ ಅಭಿಪ್ರಾಯ. ಅಣ್ಣ ಇನ್ನೂ ಯೋಚಿಸ್ತಿದ್ದಾನೆ.

ಜೂನ್‌ನಿಂದ ಆತ ದಿನಕ್ಕೆ ಎರಡು ಗಂಟೆ ಶೆಡ್‌ಗೆ ಬರ್ತಿದ್ದಾನೆ. ಹನ್ನೊಂದು ಲಕ್ಷದಲ್ಲಿ ಒಂಬತ್ತು ಬಂದಿದೆ. ಸೂಪರ್‌ವೈಸರ್‌ನ ಪತ್ರ ಜುಲೈ 31ಕ್ಕೆ ತಾನಾಗೇ ಮುಗಿಯುತ್ತೆ, ಆದ್ರೂ ಇಬ್ಬರು ಡೀಲರ್‌ಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ತಿಳಿಸಬೇಕು ಅಂತ ವಕೀಲರು ಹೇಳಿದ್ದಾರೆ. ಆ ಪತ್ರ ಬರೆದು ಪೋಸ್ಟ್ ಮಾಡೋ ಕೆಲಸ ಸೂಪರ್‌ವೈಸರ್‌ಗೇ ಬಿದ್ದಿದೆ. ಅತ್ತಿಗೆಯದನ್ನ ಇನ್ನೊಂದು ವರ್ಷಕ್ಕೆ ಹೊಸದಾಗಿ ಬರೆಸ್ತಿದ್ದಾರೆ. ಜಿಎಸ್‌ಟಿ ಲಾಗಿನ್ ವಾಪಸ್ ಕೊಡೋಕೆ ಅವರು ತಯಾರಿಲ್ಲ. ಹೋದ ವರ್ಷದ ಎರಡು ಇನ್‌ವಾಯ್ಸ್‌ಗೆ ಅಣ್ಣ ಇನ್‌ಪುಟ್ ಕ್ರೆಡಿಟ್ ತಗೊಂಡೇ ಇರಲಿಲ್ಲ ಅಂತ ಕಂಡುಹಿಡಿದಿದ್ದಾರೆ.